ಎಷ್ಟು ಇಳಿಸಿದಿರಿ?

ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಚಪ್ಪಟೆಯಾಗಿ, ಪೂಜೆಯ ಪೇಡೆ ಕೈಗೆ ಬಂದ ಮರುಕ್ಷಣ ನೋಡಬಂದವರು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಇಳಿಸಿದಿರಿ?’ ಮೈಲೇಜು, ಬಣ್ಣ, ಏರ್‌ಬ್ಯಾಗು ಎಲ್ಲ ಆಮೇಲಿನ ಮಾತು. ಜಯನಗರದಲ್ಲೂ ಇದೇ, ದಿಲ್ಲಿಯ ಮುನಿರ್ಕಾದಲ್ಲೂ ಇದೇ. ಮುನಿರ್ಕಾದಲ್ಲಿ ಒಂದು ತೂಕ ಹೆಚ್ಚೇ ಅನ್ನಬೇಕು. ಒಂದು ಕಡೆ ಜೆಎನ್‌ಯು, ಇನ್ನೊಂದು ಕಡೆ ಆರ್.ಕೆ. ಪುರಂನ ಸರ್ಕಾರಿ ವಸತಿಗೃಹಗಳು ಇರುವ ಈ ಭಾಗದಲ್ಲಿ ನಮ್ಮ ಕಡೆಯವರಿಗೆ ಕೊರತೆಯಿಲ್ಲ. ರಾವ್ ತುಲಾರಾಮ್ ಮಾರ್ಗದ ದಿಲ್ಲಿ ಕರ್ನಾಟಕ ಸಂಘವೂ ದೂರವಲ್ಲ. ಊರು ಬಿಟ್ಟು ಎರಡು ಸಾವಿರ ಕಿಲೋಮೀಟರ್ ಬಂದವರಿಗೆ, ದಿಲ್ಲಿಯ ವ್ಯಾಪಾರಿಯ ಹತ್ತಿರ ಹಿಂದಿಯಲ್ಲಿ ಮಾತಾಡಿ ಬೆಲೆ ಇಳಿಸಿದೆ ಅನ್ನುವುದು ಪದವಿ ಪ್ರಮಾಣಪತ್ರಕ್ಕಿಂತ ದೊಡ್ಡ ಸಾಧನೆ. ಮೂವತ್ತು ಸಾವಿರ ಇಳಿಸಿದೆ ಎಂದರೆ, ಗುರುಗ್ರಾಮದಲ್ಲಿ ತನ್ನ ಭಾವಮೈದನಿಗೆ ನಲವತ್ತೈದು ಬಿಟ್ಟರು ಎನ್ನುವವನೊಬ್ಬ ಇದ್ದೇ ಇರುತ್ತಾನೆ. ಹೀಗಾಗಿ ಪಳಗಿದವರು ಹತ್ತು ಸಾವಿರ ಸೇರಿಸಿಯೇ ಹೇಳುತ್ತಾರೆ, ಕೇಳುವವರು ಹತ್ತು ಸಾವಿರ ಕಳೆದೇ ಕೇಳಿಸಿಕೊಳ್ಳುತ್ತಾರೆ. ಲೆಕ್ಕ ಸರಿಹೋಗುತ್ತದೆ. ಆದರೂ ಆ ಪ್ರಶ್ನೆ ಕಿರಿಕಿರಿ ಮಾಡುವುದು ಅದು ತಪ್ಪು ಜಾಗದಲ್ಲಿ ಕೈಯಾಡಿಸುತ್ತದೆ ಎಂಬ ಕಾರಣಕ್ಕೆ. ಕಾರಿನ ವ್ಯವಹಾರದಲ್ಲಿ ನಾವು ಗಂಟಲು ಹರಿದುಕೊಳ್ಳುವುದು ಬೆಲೆಗಾಗಿ. ಸೋಲು ಗೆಲುವು ತೀರ್ಮಾನವಾಗುವುದು ಕಾಗದಪತ್ರದಲ್ಲಿ. ಇದು ನನ್ನ ವಾದ.

ಷೋರೂಮಿನಲ್ಲಿ ನಾವು ಯಾರೊಂದಿಗೆ ಚೌಕಾಸಿ ಮಾಡುತ್ತೇವೋ ಆ ಮನುಷ್ಯನ ಕೈಯಲ್ಲಿ ಬೆಲೆ ಎಷ್ಟಿದೆ ಎಂದು ಮೊದಲು ನೋಡಬೇಕು. ಎಕ್ಸ್ ಷೋರೂಮ್ ಬೆಲೆ ಕಂಪನಿಯದು. ಅದರೊಳಗಿನ ಜಿಎಸ್‌ಟಿ ಸರ್ಕಾರದ್ದು. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಬಂತು. ಮಾತಿನ ಮಲ್ಲರೆಲ್ಲ ಜೀವಮಾನವಿಡೀ ವಾದಿಸಿ ಇಳಿಸಲಾರದಷ್ಟು ಹಣ ಒಂದು ರಾತ್ರಿಯಲ್ಲಿ ಇಳಿಯಿತು, ಯಾರೂ ಗಂಟಲು ನೋಯಿಸಿಕೊಳ್ಳಲಿಲ್ಲ. ರಸ್ತೆ ತೆರಿಗೆ ರಾಜ್ಯದ್ದು. ಹಾಗಾದರೆ ಡೀಲರ್ ತನ್ನ ಕಮಿಷನ್ನಿನಲ್ಲಿ ಬಿಡಬಹುದಲ್ಲ? ಬಿಡಬಹುದು, ಕಂಪನಿ ಬಿಟ್ಟರೆ. 2021ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ಹಾಕಿದ್ದು ಇದೇ ವಿಷಯಕ್ಕೆ. ನಿಗದಿ ಮಾಡಿದ್ದಕ್ಕಿಂತ ಹೆಚ್ಚು ರಿಯಾಯಿತಿ ಕೊಡದಂತೆ ಕಂಪನಿ ಡೀಲರುಗಳನ್ನು ಕಟ್ಟಿಹಾಕಿತ್ತು, ಗಿರಾಕಿಯ ವೇಷದಲ್ಲಿ ಏಜೆನ್ಸಿಯವರನ್ನು ಕಳಿಸಿ ಪರೀಕ್ಷಿಸುತ್ತಿತ್ತು, ಸಿಕ್ಕಿಬಿದ್ದವರಿಗೆ ದಂಡ ಹಾಕುತ್ತಿತ್ತು ಎಂದು ಆಯೋಗ ಹೇಳಿತು. ಕಂಪನಿ ಮೇಲ್ಮನವಿಗೆ ಹೋಯಿತು. ಅದಕ್ಕೂ ಮುಂಚೆ, 2017ರಲ್ಲಿ, ಹ್ಯುಂಡೈಗೆ ಇಂಥದೇ ಆರೋಪದ ಮೇಲೆ ಬಿದ್ದ 87 ಕೋಟಿಯ ದಂಡ ಮೇಲ್ಮನವಿಯಲ್ಲಿ ರದ್ದಾಗಿತ್ತು. ಕಾನೂನಿನ ಕೊನೆ ಏನೇ ಆಗಲಿ, ಆಯೋಗ ಬಿಡಿಸಿಟ್ಟ ಚಿತ್ರ ಮಾತ್ರ ಮರೆಯುವಂಥದಲ್ಲ. ‘ಇನ್ನೊಂದು ಐದು ಸಾವಿರ ಬಿಡ್ರಿ’ ಎಂದು ನಾವು ಗಟ್ಟಿಯಾಗಿ ಕೂತಾಗ, ಎದುರಿಗಿರುವ ಟೈ ಕಟ್ಟಿದ ಹುಡುಗ ಬೆವರುವುದು ನಮ್ಮ ವಾದಕ್ಕೆ ಹೆದರಿ ಅಲ್ಲ. ಈ ಮನುಷ್ಯ ಕಂಪನಿಯ ಗೂಢಚಾರನಿದ್ದರೆ ಏನು ಗತಿ ಎಂದು.

ಹಾಗೆಂದು ಡೀಲರಿಗೆ ಆಡಲು ಜಾಗವೇ ಇಲ್ಲವೆಂದಲ್ಲ. ಜಾಗ ಇರುವುದು ಎಕ್ಸ್ ಷೋರೂಮ್ ಬೆಲೆಗೂ ಆನ್‌ರೋಡ್ ಬೆಲೆಗೂ ನಡುವೆ. ಕೊಟೇಷನ್ ಹಾಳೆಯಲ್ಲಿ ಮೇಲಿನ ಎರಡು ಸಾಲುಗಳನ್ನು ನಾವು ಕಣ್ಣರಳಿಸಿ ಓದುತ್ತೇವೆ. ಕೆಳಗೆ ಸಣ್ಣಕ್ಷರದಲ್ಲಿ ವಿಮೆ, ಅಕ್ಸೆಸರಿ ಪ್ಯಾಕ್, ವಿಸ್ತರಿತ ವಾರಂಟಿ, ಫಾಸ್ಟ್ಯಾಗ್, ಹ್ಯಾಂಡ್ಲಿಂಗ್ ಚಾರ್ಜ್ ಎಂದು ಸಾಲಾಗಿ ಕೂತಿರುತ್ತವೆ. ಈ ಹ್ಯಾಂಡ್ಲಿಂಗ್ ಎಂದರೇನು ಎಂದು ಕೇಳಿ ನೋಡಿ. ಗೋದಾಮಿನಿಂದ ಕಾರನ್ನು ಷೋರೂಮಿಗೆ ತಂದ ಖರ್ಚು ಎಂಬ ಉತ್ತರ ಬರುತ್ತದೆ. ಅಂಗಡಿಯವನು ಅಕ್ಕಿಯನ್ನು ಮಂಡಿಯಿಂದ ಅಂಗಡಿಗೆ ತಂದ ಖರ್ಚನ್ನು ನಮ್ಮ ಚೀಟಿಯಲ್ಲಿ ಬೇರೆಯಾಗಿ ಬರೆದರೆ ಒಪ್ಪುತ್ತೇವೆಯೇ? ವಿಮೆಯದು ಇನ್ನೂ ದೊಡ್ಡ ಬಾಬತ್ತು. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಎಲ್ಲ ಕಡೆಯೂ ಒಂದೇ. ಆದರೆ ಕಾರಿನ ಸ್ವಂತ ಹಾನಿಯ ಭಾಗ, ಜೀರೋ ಡೆಪ್ ಮುಂತಾದ ಸೇರ್ಪಡೆಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಡೀಲರಿಗೆ ಇದರಲ್ಲಿ ಪಾಲುಂಟು. ತಮ್ಮಲ್ಲೇ ವಿಮೆ ಮಾಡಿಸಬೇಕೆಂದು ಡೀಲರ್ ಒತ್ತಾಯಿಸುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಹೊರಗಿನ ವಿಮೆ ತರುತ್ತೇನೆ ಅಂದ ತಕ್ಷಣ, ಹಾಗಾದರೆ ರಿಯಾಯಿತಿ ಇಲ್ಲ ಎಂಬ ಮಾತು ಹೊರಬಿದ್ದರೆ, ಆ ರಿಯಾಯಿತಿ ಯಾರ ಜೇಬಿನಿಂದ ಬಂದು ಯಾರ ಜೇಬಿಗೆ ಹೋಗುತ್ತಿತ್ತು ಎಂಬುದು ಅಲ್ಲೇ ಬಯಲಾಯಿತು. ಇಷ್ಟರ ನಡುವೆ ನಮಗೆ ಗೆದ್ದೆವೆಂದು ಅನ್ನಿಸಲಿ ಅಂತ ಫ್ಲೋರ್ ಮ್ಯಾಟು, ಮಡ್ ಫ್ಲ್ಯಾಪು, ಡ್ಯಾಶ್‌ಬೋರ್ಡಿಗೊಂದು ಸೆಂಟಿನ ಬಾಟಲಿ ಕೊಸರು ಕೊಡುತ್ತಾರೆ. ಹತ್ತು ಲಕ್ಷ ಕೊಟ್ಟು ಬಂದವರು ಆ ಮ್ಯಾಟಿನ ವಿಷಯವನ್ನೇ ಹೆಚ್ಚು ದಿನ ಹೇಳಿಕೊಂಡು ತಿರುಗುತ್ತಾರೆ. ಕೊತ್ತಂಬರಿ ಕಟ್ಟಿನ ಜೊತೆ ಎರಡೆಸಳು ಕರಿಬೇವು ಗಿಟ್ಟಿಸುವ ನಮ್ಮ ಹಳೆಯ ಚಪಲ ಅಷ್ಟು ಬೇಗ ಬಿಡುವುದಿಲ್ಲ.

ಹಳೇ ಕಾರು ಕೊಟ್ಟು ಹೊಸದನ್ನು ಕೊಳ್ಳುವಾಗ ಈ ಆಟ ಇನ್ನೂ ರಂಗೇರುತ್ತದೆ. ಇಲ್ಲಿ ನಡೆಯುವುದು ಎರಡು ವ್ಯಾಪಾರ, ನಾವು ಮಾತಾಡುವುದು ಒಂದನ್ನೇ ಎಂಬಂತೆ. ಒಂದು ಲೆಕ್ಕ ಹಾಕೋಣ. ನಿಮ್ಮ ಹಳೇ ಕಾರಿಗೆ ಹೊರಗೆ ಮೂರು ಲಕ್ಷ ಸಿಗುತ್ತದೆ ಎಂದಿಟ್ಟುಕೊಳ್ಳಿ. ಡೀಲರಿನ ಕಡೆಯ ಮೌಲ್ಯಮಾಪಕ ಬಂದು ಬಾನೆಟ್ ಎತ್ತಿ, ಬಾಗಿಲಿನ ರಬ್ಬರು ಕಿತ್ತು ನೋಡಿ, ಬಣ್ಣದ ದಪ್ಪ ಅಳೆಯುವ ಯಂತ್ರ ಒತ್ತಿ, ತುಟಿಯಲ್ಲೇ ‘ಚ್ಚು’ ಎಂದು ಎರಡು ಲಕ್ಷದ ಅರವತ್ತು ಸಾವಿರ ಬರೆಯುತ್ತಾನೆ. ಒಳಗೆ ಬಂದರೆ ಮ್ಯಾನೇಜರು ಎಕ್ಸ್‌ಚೇಂಜ್ ಬೋನಸ್ ಮೂವತ್ತು ಸಾವಿರ, ಅದರ ಮೇಲೆ ‘ನಿಮಗೋಸ್ಕರ’ ಇನ್ನು ಹತ್ತು ಸಾವಿರ ಎನ್ನುತ್ತಾನೆ. ನಲವತ್ತು ಸಾವಿರ ಇಳಿಸಿದ ಸಂತೋಷದಲ್ಲಿ ನಾವು ಕೈಕುಲುಕುತ್ತೇವೆ. ನಮ್ಮ ನಲವತ್ತು ಸಾವಿರ ನಮಗೇ ಬಂತು. ಕಂಪನಿ ಕೊಡುವ ಬೋನಸ್ಸು ಡೀಲರಿಗೆ ಹಳೇ ಕಾರಿನ ಲಾಭವಾಗಿ ಉಳಿಯಿತು. ಬೆಲೆ ಕಟ್ಟುವಾಗಿನ ಅಳತೆಗೋಲೂ ಒಂದೇ ಇರುವುದಿಲ್ಲ. ಕೊಳ್ಳುವಾಗ ಪಾಲಿಸಿಯ ಐಡಿವಿ, ಅಂದರೆ ವಿಮೆಗೆ ಘೋಷಿಸಿದ ಮೌಲ್ಯ, ತೋರಿಸುತ್ತಾರೆ. ವಿಮೆಯ ಕೋಷ್ಟಕದ ಪ್ರಕಾರ ಮೂರು ವರ್ಷ ದಾಟಿ ನಾಲ್ಕರೊಳಗಿನ ಕಾರಿಗೆ ಶೇ 40, ನಾಲ್ಕು ದಾಟಿ ಐದರೊಳಗಿನದಕ್ಕೆ ಶೇ 50 ಸವಕಳಿ. ಅದೇ ಕಾರು ಮುಂದಿನ ವಾರ ಅವರದೇ ಅಂಗಳದಲ್ಲಿ ಪಾಲಿಷ್ ಮಾಡಿಸಿಕೊಂಡು ನಿಂತಾಗ ಐಡಿವಿಯ ಮಾತೇ ಇಲ್ಲ, ‘ಮಾರ್ಕೆಟ್ ರೇಟ್ ಸರ್’. ಇತ್ತೀಚೆಗೆ ಜಿಎಸ್‌ಟಿಯನ್ನೂ ಗುರಾಣಿ ಮಾಡಿಕೊಳ್ಳುವವರಿದ್ದಾರೆ. 2025ರ ಜನವರಿಯಿಂದ ಹಳೇ ಕಾರಿನ ಮಾರಾಟಕ್ಕೆ ಶೇ 18 ಎಂಬುದು ನಿಜ, ಆದರೆ ಅದು ಡೀಲರಿನ ಲಾಭಾಂಶದ ಮೇಲೆ. ನಿಮ್ಮ ಕಾರಿನ ಮೂರು ಲಕ್ಷದ ಮೇಲಲ್ಲ. ಇನ್ನೊಂದು ಮಾತು ಯಾರೂ ತಾವಾಗಿ ಹೇಳುವುದಿಲ್ಲ: ಐದು ವರ್ಷ ಕ್ಲೇಮು ಮಾಡದೆ ಗಳಿಸಿದ ಶೇ 50ರ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕನದು. ವಿಮಾ ಕಂಪನಿಯಿಂದ ಒಂದು ಪತ್ರ ತಂದರೆ ಹೊಸ ಕಾರಿನ ಪಾಲಿಸಿಗೆ ಅದು ವರ್ಗವಾಗುತ್ತದೆ. ಬೆಲೆಗೆ ಮೂರು ಗಂಟೆ ಜಗ್ಗಾಡಿದವರು ಈ ಒಂದು ಪತ್ರವನ್ನು ಹಳೇ ಕಾರಿನ ಗ್ಲೋವ್ ಬಾಕ್ಸಿನ ಜೊತೆ ದಾನ ಮಾಡಿ ಬರುತ್ತಾರೆ.

ಆದರೂ ಮಾತು ಬಲ್ಲವನಿಗೆ ಹೆಚ್ಚು ಸಿಗುವುದಿಲ್ಲವೇ ಎಂದು ಕೇಳಬಹುದು. ದಿಲ್ಲಿಯ ಕನ್ನಡಿಗರಿಗೆ ಇದು ಎದೆಯೊಳಗಿನ ಮುಳ್ಳು. ಪಕ್ಕದ ಮನೆಯ ಪಂಜಾಬಿ ‘ಅರೇ ಭಾಯಿಸಾಬ್’ ಎಂದು ಮ್ಯಾನೇಜರಿನ ಹೆಗಲ ಮೇಲೆ ಕೈಹಾಕಿದರೆ ಸಾಕು, ಬೆಲೆ ತಾನೇ ಕೆಳಗಿಳಿಯುತ್ತದೆ ಎಂಬ ನಂಬಿಕೆ. ನಾವೋ, ಒಂದು ಸಲ ಕೇಳಿ, ಆತ ಆಗುವುದಿಲ್ಲ ಎಂದರೆ, ಅವನಿಗೇ ಬೇಜಾರಾಯಿತೇನೋ ಎಂದು ಸಮಾಧಾನ ಹೇಳಿ ಚಹಾ ಕುಡಿದು ಬರುವವರು. ಹಿಂದಿಯ ಲಿಂಗಕ್ಕೆ ಹೆದರಿ ‘ಗಾಡಿ’ ಪುಲ್ಲಿಂಗವೋ ಸ್ತ್ರೀಲಿಂಗವೋ ಎಂದು ಯೋಚಿಸುವಷ್ಟರಲ್ಲಿ ಕೊಟೇಷನ್ ಪ್ರಿಂಟಾಗಿರುತ್ತದೆ. ಮಾತಿನಿಂದ ವ್ಯತ್ಯಾಸವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಮಾತಿನ ಫಲವೋ ಮುಖದ ಫಲವೋ ಎಂಬುದು ಬೇರೆ ಪ್ರಶ್ನೆ. ಇಯಾನ್ ಏರ್ಸ್ ಎಂಬ ಕಾನೂನು ಪ್ರಾಧ್ಯಾಪಕರು ಅಮೆರಿಕದ ಷಿಕಾಗೊ ಸುತ್ತಿನ ಷೋರೂಮುಗಳಿಗೆ ಬಿಳಿಯರು, ಕಪ್ಪು ಜನ, ಗಂಡಸರು, ಹೆಂಗಸರು ಎಲ್ಲರನ್ನೂ ಕಳಿಸಿದರು. ಎಲ್ಲರಿಗೂ ಒಂದೇ ಮಾತುಗಳನ್ನು ಬಾಯಿಪಾಠ ಮಾಡಿಸಿ. 1991ರಲ್ಲಿ ಪ್ರಕಟವಾದ ಅವರ ಬರಹದ ಪ್ರಕಾರ ಬಿಳಿಯ ಗಂಡಸರಿಗೆ ಸಿಕ್ಕ ಬೆಲೆ ಉಳಿದವರಿಗೆ ಸಿಗಲಿಲ್ಲ. ಚೌಕಾಸಿಯ ಜಾಣ್ಮೆ ಸಮನಾಗಿತ್ತು, ಬೆಲೆ ಸಮನಾಗಲಿಲ್ಲ. ಹಾಗಿರುವಾಗ ಕಾಗದವನ್ನು ನೆಚ್ಚುವುದು ಸಂಕೋಚದವರಿಗೆ ಹೆಚ್ಚು ಕ್ಷೇಮ. ಮೂರು ಕಡೆಯ ಕೊಟೇಷನ್, ಹೊರಗಿನ ವಿಮೆಯ ದರ, ಹಳೇ ಕಾರಿಗೆ ಇನ್ನೊಬ್ಬರು ಬರೆದುಕೊಟ್ಟ ಬೆಲೆ ಇಷ್ಟನ್ನು ಮೇಜಿನ ಮೇಲೆ ಹರಡಿ ಸುಮ್ಮನೆ ಕೂತರೆ ಆಯಿತು. ಕಾಗದಕ್ಕೆ ಉಚ್ಚಾರಣೆಯ ದೋಷವಿಲ್ಲ.

ಹಳೇ ಕಾರಿನ ವ್ಯಾಪಾರದ ಬಗ್ಗೆ ಜಗತ್ತಿನಲ್ಲೇ ಅತಿ ಪ್ರಸಿದ್ಧವಾದ ಲೇಖನಕ್ಕೂ ದಿಲ್ಲಿಗೂ ಒಂದು ನಂಟಿದೆ. ಮುನಿರ್ಕಾದಿಂದ ಜೆಎನ್‌ಯು ಬಳಸಿಕೊಂಡು ಕಟ್ವಾರಿಯಾ ಸರಾಯ್ ಕಡೆ ಹೋದರೆ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ದಿಲ್ಲಿ ಕೇಂದ್ರ ಸಿಗುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1967-68ರಲ್ಲಿ ಇದೇ ಸಂಸ್ಥೆಯ ಅತಿಥಿಯಾಗಿ ದಿಲ್ಲಿಯಲ್ಲಿದ್ದರು. ಬರುವ ಮುಂಚೆ ಅವರು ಹಳೇ ಕಾರುಗಳ ಮಾರುಕಟ್ಟೆಯ ಮೇಲೊಂದು ಲೇಖನ ಬರೆದು ಪತ್ರಿಕೆಯೊಂದಕ್ಕೆ ಕಳಿಸಿದ್ದರು. ಇಲ್ಲಿದ್ದಾಗಲೇ ಅದರ ಮೊದಲ ತಿರಸ್ಕಾರ ಪತ್ರ ಬಂತು. ವಿಷಯ ಕ್ಷುಲ್ಲಕವೆಂದು ಸಂಪಾದಕರ ಅಭಿಪ್ರಾಯ. ಇನ್ನೆರಡು ಪತ್ರಿಕೆಗಳೂ ಹಿಂದಿರುಗಿಸಿ, ಕೊನೆಗೆ 1970ರಲ್ಲಿ ನಾಲ್ಕನೆಯದರಲ್ಲಿ ಅಚ್ಚಾಯಿತು. 2001ರಲ್ಲಿ ನೊಬೆಲ್ ಬಂತು. ಸಂಪಾದಕರು ಮರಳಿಸಿದ ಹಸ್ತಪ್ರತಿಗಳನ್ನು ಅಟ್ಟಕ್ಕೆಸೆದ ಕನ್ನಡ ಲೇಖಕರು ಇದನ್ನು ಗಮನಿಸಬಹುದು. ಅಕರ್ಲಾಫ್ ಹೇಳಿದ್ದು ಇಷ್ಟು: ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರಿಗೂ ಸರಾಸರಿ ಕಾರಿನ ಬೆಲೆಯನ್ನೇ ಕಟ್ಟುತ್ತಾನೆ. ಒಳ್ಳೆಯ ಕಾರಿನವನು ಮುನಿಸಿಕೊಂಡು ಮಾರುಕಟ್ಟೆ ಬಿಟ್ಟುಹೋಗುತ್ತಾನೆ. ನಿಜ. ಆದರೆ ಇವತ್ತಿನ ದಿಲ್ಲಿಯಲ್ಲಿ ಗುಟ್ಟು ಎಂಜಿನ್ನಿನೊಳಗೆ ಇರುವುದಕ್ಕಿಂತ ಹೆಚ್ಚಾಗಿ ನಿಯಮದೊಳಗಿದೆ. ಅದು ಹೆಚ್ಚು ಗೊತ್ತಿರುವುದು ದಿನಬೆಳಗಾದರೆ ಆರ್‌ಟಿಒ ಮೆಟ್ಟಿಲು ಹತ್ತುವ ಡೀಲರಿಗೆ, ಹತ್ತು ವರ್ಷಕ್ಕೊಮ್ಮೆ ಕಾರು ಮಾರುವ ಸಂಸಾರಸ್ಥನಿಗಲ್ಲ.

ಮುನಿರ್ಕಾದ ಓಣಿಗಳಲ್ಲಿ ಒಂದಕ್ಕೊಂದು ಮೂತಿ ತಾಗಿಸಿ ನಿಲ್ಲಿಸಿದ ಕಾರುಗಳ ಗಾಜನ್ನು ನೋಡಿದರೆ ಕೆಲವಕ್ಕೆ ಕಿತ್ತಳೆ ಸ್ಟಿಕ್ಕರು, ಕೆಲವಕ್ಕೆ ತಿಳಿನೀಲಿ. ಕಿತ್ತಳೆ ಡೀಸೆಲಿನದು, ನೀಲಿ ಪೆಟ್ರೋಲು ಮತ್ತು ಸಿಎನ್‌ಜಿಯದು. ದಿಲ್ಲಿಯಲ್ಲಿ ಹಳೇ ಕಾರಿನ ಜಾತಕ ಈ ಬಣ್ಣದಲ್ಲಿದೆ. ಹದಿನೈದು ವರ್ಷ ದಾಟಿದ ವಾಹನ ರಸ್ತೆಗಿಳಿಯಬಾರದೆಂದು ಹಸಿರು ನ್ಯಾಯಮಂಡಳಿ 2014ರಲ್ಲಿ, ಡೀಸೆಲಿಗೆ ಹತ್ತೇ ವರ್ಷವೆಂದು 2015ರಲ್ಲಿ ಹೇಳಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. 2025ರ ಜುಲೈ 1ರಿಂದ ಇಂಥ ವಾಹನಕ್ಕೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬಾರದೆಂದಾಯಿತು. ಜನ ರೊಚ್ಚಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಮುಂದೂಡಿದರು. ಆಗಸ್ಟಿನಲ್ಲಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದ ಸುಪ್ರೀಂ ಕೋರ್ಟು, ಡಿಸೆಂಬರಿನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ಅದರ ನಂತರದ ವಾಹನಗಳಿಗೆ ಮಾತ್ರ ಎಂದು ತಿದ್ದಿತು. ಕಾರಿನ ಎಂಜಿನ್ನು ಅದೇ, ಟೈರು ಅದೇ. ಬೆಲೆ ಮಾತ್ರ ದಿನಪತ್ರಿಕೆಯ ಮುಖಪುಟ ನೋಡಿ ಏರಿಳಿಯಿತು. ಎಂಟು ವರ್ಷದ ಡೀಸೆಲ್ ಕಾರು ಮಾರಲು ಹೋದವನಿಗೆ ‘ದಿಲ್ಲಿಯಲ್ಲಿ ಇದು ಕಬ್ಬಿಣ ಸರ್’ ಎನ್ನುವ ಡೀಲರು ಅದನ್ನು ಕಬ್ಬಿಣದ ರೇಟಿಗೆ ಕೊಂಡು ಮಾಯಾಪುರಿಯ ಗುಜರಿಗೆ ಹಾಕುತ್ತಾನೆಂದು ಯಾರೂ ಭ್ರಮಿಸಬೇಕಿಲ್ಲ. ಆರ್‌ಟಿಒದಿಂದ ಎನ್‌ಒಸಿ ತೆಗೆಸಿ, ವಯಸ್ಸಿನ ಈ ಕಟ್ಟಳೆ ಇಲ್ಲದ ಬೇರೆ ರಾಜ್ಯಕ್ಕೆ ದಾಟಿಸಿದರೆ ಅದು ಮತ್ತೆ ಕಾರು. ಅಂದರೆ ನಮ್ಮ ಕೈಯಲ್ಲಿದ್ದಾಗ ಕಬ್ಬಿಣ, ಎನ್‌ಒಸಿ ಕೈಗೆ ಬಂದ ಮೇಲೆ ವಾಹನ. ಎರಡರ ನಡುವಿನ ಅಂತರವೇ ವ್ಯಾಪಾರ.

ಹೀಗೆ ದಾಟಿದ ‘ಡಿಎಲ್ ಗಾಡಿ’ಗಳಲ್ಲಿ ಕೆಲವು ಬೆಂಗಳೂರಿಗೂ ಬರುತ್ತವೆ. ಅಗ್ಗ ಎಂದು ಕೊಂಡವರಿಗೆ ಆಮೇಲೆ ತಿಳಿಯುತ್ತದೆ, ಅಗ್ಗವಾಗಲು ತೆರಿಗೆಯೂ ಒಂದು ಕಾರಣವೆಂದು. ಆರರಿಂದ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ದಿಲ್ಲಿಯ ರಸ್ತೆ ತೆರಿಗೆ ಶೇ 7. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14, ಮೇಲೆ ಸೆಸ್ಸು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇನ್ನೊಂದು ರಾಜ್ಯದಲ್ಲಿಟ್ಟರೆ ಮರುನೋಂದಣಿ ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಕರ್ನಾಟಕದ ತೆರಿಗೆಯನ್ನೂ, ಕಾರಿನ ವಯಸ್ಸಿಗೆ ತಕ್ಕಂತೆ, ಕಟ್ಟಬೇಕು. ದಿಲ್ಲಿಯಿಂದ ವರ್ಗವಾಗಿ ಊರಿಗೆ ಮರಳುವ ನೌಕರರು ಕಾರನ್ನು ರೈಲಿಗೆ ಹಾಕುವ ಮುಂಚೆ ಈ ಲೆಕ್ಕ ಮಾಡುವುದು ವಾಸಿ.

ಇದೆಲ್ಲ ಹಳೆಯ ಕಾಲದ ರಗಳೆ, ಈಗ ಚೌಕಾಸಿಯೇ ಇಲ್ಲವಲ್ಲ ಎಂಬ ಆಕ್ಷೇಪ ಬರಬಹುದು. ಮರ್ಸಿಡಿಸ್ 2021ರಿಂದ ಇಲ್ಲಿ ದೇಶಕ್ಕೆಲ್ಲ ಒಂದೇ ಬೆಲೆ ಎಂದು ತಾನೇ ಮಾರುತ್ತಿದೆ. ಮುನಿರ್ಕಾಕ್ಕೆ ಹೆಚ್ಚು ದೂರವಿಲ್ಲದ ಏರೋಸಿಟಿಯಲ್ಲಿ 2025ರ ಆಗಸ್ಟಿನಲ್ಲಿ ಬಾಗಿಲು ತೆರೆದ ಟೆಸ್ಲಾಕ್ಕೆ ಡೀಲರುಗಳೇ ಇಲ್ಲ. ಹಳೇ ಕಾರಿಗೂ ಮೊಬೈಲಿನಲ್ಲೇ ಬೆಲೆ ಹೇಳಿ, ಮನೆ ಬಾಗಿಲಿಗೆ ಬಂದು ಒಯ್ಯುವ ಕಂಪನಿಗಳು ಗುರುಗ್ರಾಮದಲ್ಲೇ ಹುಟ್ಟಿಕೊಂಡಿವೆ. ಸರಿ. ಇದರಿಂದ ನನ್ನ ವಾದ ಬಲಗೊಂಡಿತೇ ಹೊರತು ಬೀಳಲಿಲ್ಲ. ಬೆಲೆಯ ಚೌಕಾಸಿಯನ್ನು ಪೂರ್ತಿ ಕಿತ್ತುಹಾಕಿದರೂ ವ್ಯಾಪಾರಿ ನಷ್ಟಕ್ಕೆ ಬೀಳುವುದಿಲ್ಲ ಎಂದರೆ, ಅವನ ಲಾಭ ಅಲ್ಲಿರಲೇ ಇಲ್ಲವೆಂದಾಯಿತಲ್ಲ. ಮೊಬೈಲು ತೋರಿಸಿದ ಬೆಲೆ ಪರಿಶೀಲನೆಯ ನಂತರ ಏಕೆ ತಗ್ಗಿತು, ಸೇವಾ ಶುಲ್ಕ ಎಷ್ಟು, ಸಾಲದ ಬಾಕಿ ತೀರಿಸಿದ ಮೇಲೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸುವವರು ಯಾರು ಎಂಬುದೆಲ್ಲ ಆಗಲೂ ಕಾಗದದಲ್ಲೇ ಇರುತ್ತದೆ. ಎಲ್ಲಕ್ಕಿಂತ ದೊಡ್ಡದು, ಹೆಸರು ಯಾವಾಗ ಬದಲಾಗುತ್ತದೆ ಎಂಬುದು.

ಹಳೇ ಕಾರು ಮಾರಿದವರು ಸಾಮಾನ್ಯವಾಗಿ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ರುಜು ಹಾಕಿ, ಕೊಳ್ಳುವವನ ಹೆಸರಿನ ಜಾಗ ಖಾಲಿ ಬಿಟ್ಟು, ಹಣ ಎಣಿಸಿಕೊಂಡು ಬರುತ್ತಾರೆ. ‘ಪಾರ್ಟಿ ಸಿಕ್ಕ ಮೇಲೆ ಹೆಸರು ತುಂಬಿಸ್ತೀವಿ, ಎರಡು ಸಲ ಟ್ರಾನ್ಸ್‌ಫರ್ ಖರ್ಚು ಯಾಕೆ’ ಎಂಬ ಡೀಲರಿನ ಮಾತಿನಲ್ಲಿ ಅವನ ಮಟ್ಟಿಗೆ ನ್ಯಾಯವಿದೆ. ಆದರೆ ಖಾಲಿ ಬಿಟ್ಟ ಆ ಒಂದು ಗೆರೆಯ ಬೆಲೆ ಎಷ್ಟೆಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಮೊಕದ್ದಮೆಯಲ್ಲಿ ಹೇಳಿತು. 2007ರಲ್ಲಿ ಮಾರಿದ ಕಾರು ಹಲವು ಕೈ ಬದಲಾಗಿ 2009ರಲ್ಲಿ ಅಪಘಾತ ಮಾಡಿತು. ಪರಿಹಾರದ ಹೊಣೆ ಕಾರು ಯಾರ ಕೈಯಲ್ಲಿತ್ತೋ ಅವನದಲ್ಲ, ಆರ್‌ಸಿಯಲ್ಲಿ ಯಾರ ಹೆಸರಿತ್ತೋ ಅವನದು ಎಂದು ತೀರ್ಪಾಯಿತು. 2025ರ ನವೆಂಬರ್ 10ರಂದು ಕೆಂಪುಕೋಟೆಯ ಬಳಿ ಕಾರು ಸ್ಫೋಟಗೊಂಡು ಜನ ಸತ್ತಾಗಲೂ, ಯಾವಾಗಲೋ ಮಾರಿ ಮರೆತಿದ್ದ ಹಳೆಯ ಮಾಲೀಕನನ್ನು ಪೊಲೀಸರು ವಿಚಾರಿಸಬೇಕಾಯಿತು. 2023ರ ಏಪ್ರಿಲ್ 1ರಿಂದ ಒಂದು ದಾರಿ ತೆರೆದಿದೆ: ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದ ಡೀಲರಿಗೆ ಕಾರು ಒಪ್ಪಿಸಿ ಆನ್‌ಲೈನಿನಲ್ಲಿ ತಿಳಿಸಿದರೆ, ಅಲ್ಲಿಂದಾಚೆ ಡೀಲರೇ ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ. ಆದ್ದರಿಂದ ‘ಎಷ್ಟು ಕೊಡ್ತೀರಿ?’ ಎಂಬುದಕ್ಕೂ ಮುಂಚೆ ಕೇಳಬೇಕಾದ್ದು ‘ಅಧಿಕಾರ ಪತ್ರ ಇದೆಯಾ?’ ಎಂದು. ಇಲ್ಲದವನು ಐದು ಸಾವಿರ ಹೆಚ್ಚು ಕೊಟ್ಟರೂ ಇರುವವನಿಗೇ ಕೊಡುವುದು ಲಾಭ ಎಂಬುದು ನನ್ನ ಲೆಕ್ಕ.

ಇಷ್ಟೊಂದು ಅನುಮಾನ ಇಟ್ಟುಕೊಂಡು ಬದುಕುವುದು ಹೇಗೆ, ಆ ಸೇಲ್ಸ್ ಹುಡುಗನೂ ತಿಂಗಳ ಟಾರ್ಗೆಟ್ಟಿಗೆ ಹೆದರುವ ಮನೆಮಗನೇ ಅಲ್ಲವೇ ಎಂದು ಮೃದು ಮನಸ್ಸಿನವರು ಕೇಳುತ್ತಾರೆ. ಖಂಡಿತ. ಅದಕ್ಕೇ ಅವನ ಇನ್ಸೆಂಟಿವ್‌ಗೆ ಕತ್ತರಿ ಬೀಳುವಂತೆ ಬೆಲೆಗೆ ಜಗ್ಗಾಡುವುದು ಬೇಡ ಅನ್ನುತ್ತಿರುವುದು. ಕಾಗದ ಕೇಳಿದರೆ ಅವನಿಗೆ ಒಂದು ಪೈಸೆ ನಷ್ಟವಿಲ್ಲ, ಒಂದರ್ಧ ಗಂಟೆ ಕೆಲಸ ಹೆಚ್ಚು ಅಷ್ಟೆ. ಚಹಾ ಅವನೇ ತರಿಸುತ್ತಾನೆ, ಕುಡಿಯಿರಿ. ಹಳೇ ಕಾರು ಒಪ್ಪಿಸುವಾಗಿನ ಡೆಲಿವರಿ ನೋಟಿನಲ್ಲಿ ಚಾಸಿ ನಂಬರು, ಓಡಿದ ಕಿಲೋಮೀಟರು, ತೆಗೆದುಕೊಂಡವರ ಹೆಸರು, ಡೀಲರ್‌ಶಿಪ್ಪಿನ ಮೊಹರು ಇವೆಯೇ ನೋಡಿಕೊಳ್ಳಿ. ದಿನಾಂಕದ ಪಕ್ಕದಲ್ಲಿ ಗಂಟೆಯನ್ನೂ ಬರೆಸಿ. ಸಂಜೆ ನಾಲ್ಕಕ್ಕೆ ಕೀಲಿ ಕೊಟ್ಟ ಕಾರನ್ನು ಡೀಲರಿನ ಹುಡುಗರು ಐದು ಗಂಟೆಗೆ ಹೊರ ವರ್ತುಲ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಓಡಿಸಿದರೆ, ಚಲನ್ ಬರುವುದು ಇನ್ನೂ ನಿಮ್ಮ ಮೊಬೈಲಿಗೇ.